ತೆಳ್ಳಗಿದ್ದರೆ ಸಾಕೇ?

"ನನಗೇನಾಗಿದೆ? ತೆಳ್ಳಗೇ ಇದ್ದೇನಲ್ಲ!" ಊಟದ ಮಾತು ತೆಗೆದೊಡನೆ ನಿಮ್ಮಲ್ಲಿ ಹಲವರು ಕೊಡುವ ಉತ್ತರ ಇದು. ಯುವ ಮಿತ್ರರೇ, ಈ ಉತ್ತರ ಅಷ್ಟೇನೂ ಭದ್ರವಲ್ಲ. ಅದಕ್ಕೆ ಸಾಕ್ಷಿ ಮುಂಬಯಿಯ ಪಕ್ಕದ ಪುಣೆಯಲ್ಲೇ ಇದೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಹಾಗೂ ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಭಾವಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿ.ಎಂ.ಐ., ಇಬ್ಬರದೂ 22.3. ಆದರೆ ಮೈಯೊಳಗಿನ ಕೊಬ್ಬು? ಯುಡ್ಕಿನ್ ಅವರದು ಶೇಕಡಾ 9.1, ಯಾಜ್ಞಿಕ್ ಅವರದು ಶೇಕಡಾ 21.2! ಹೊರಗೆ ತೆಳು, ಒಳಗೆ ಕೊಬ್ಬು. ನಮ್ಮವರಲ್ಲಿ ಬಹಳ ಜನರ ಮೈ ಹೀಗೆಯೇ. ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಸೇರುವ ಈ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಅದನ್ನು ತಯಾರಿಸುವ ಮೇದೋಜೀರಕ ಗ್ರಂಥಿ ದುಡಿದು ದುಡಿದು ಕೊನೆಗೆ ಸೋಲುತ್ತದೆ. ಸಕ್ಕರೆ ಕಾಯಿಲೆ ಬರುವುದು ಹೀಗೆ. 2023ರಲ್ಲಿ ಪ್ರಕಟವಾದ ಐ.ಸಿ.ಎಂ.ಆರ್.-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆ; ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ. ವರ್ಷಗಟ್ಟಲೆ ನೋವು ಕೊಡದೆ ಕಣ್ಣು, ಮೂತ್ರಪಿಂಡ, ನರಗಳನ್ನು ತಿನ್ನುವ ಕಾಯಿಲೆ ಇದು.

ಈಗ ನಿಮ್ಮ ದಿನಚರಿ ನೋಡೋಣ. ಬೆಳಿಗ್ಗೆ ಲೋಕಲ್ ಹಿಡಿಯುವ ಅವಸರದಲ್ಲಿ ಚಹಾ, ಬಿಸ್ಕತ್ತು. ಮಧ್ಯಾಹ್ನ ಡಬ್ಬಿಯಲ್ಲಿ ಬಿಳಿ ಅನ್ನ. ಸಂಜೆ ಸ್ಟೇಷನ್ನಿನ ಹೊರಗೆ ವಡಾಪಾವ್, ಅಂದರೆ ಮೈದಾದ ಪಾವಿನೊಳಗೆ ಎಣ್ಣೆಯಲ್ಲಿ ಕರಿದ ಬಟಾಟೆ. (ನನಗೂ ಇಷ್ಟವೇ, ಸುಳ್ಳೇಕೆ ಹೇಳಲಿ!) ರಾತ್ರಿ ಮತ್ತೆ ಅನ್ನ, ಇಲ್ಲವೇ ಫೋನಿನಲ್ಲಿ ತರಿಸಿದ ನೂಡಲ್ಸ್. ಕಾಳು, ಸೊಪ್ಪು, ಹಣ್ಣು ಎಲ್ಲಿ?

ತಪ್ಪನ್ನೆಲ್ಲ ವಡಾಪಾವಿನ ತಲೆಗೆ ಕಟ್ಟುವಂತೆಯೂ ಇಲ್ಲ. ನಮ್ಮ ಸಮಾರಂಭಗಳಲ್ಲಿ ಹಂಚುವ ಕೇಸರಿಬಾತು, ಬೋಂಡಾ ಏನು ಸಾಚಾವೇ? ಉಪ್ಪಿನಕಾಯಿ, ಹಪ್ಪಳ, ಸಾರು ಸೇರಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿ ಸುಲಭವಾಗಿ ದಾಟುತ್ತದೆ, ರಕ್ತದೊತ್ತಡ ಏರುತ್ತದೆ. ನಿಮ್ಮ ಅಜ್ಜ ರಾಗಿ ಮುದ್ದೆಯನ್ನೋ ಕುಚ್ಚಲಕ್ಕಿ ಗಂಜಿಯನ್ನೋ ಉಂಡು ದಿನವಿಡೀ ಗದ್ದೆಯಲ್ಲಿ ದುಡಿದಿರಬಹುದು. ನಾವು ತೌಡು ತೆಗೆದ ಅನ್ನವನ್ನು ಹೊಟ್ಟೆ ತುಂಬ ಉಂಡು ಕುರ್ಚಿಯಲ್ಲಿ ಕೂರುತ್ತೇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಹಾಗಾದರೆ ಏನು ಮಾಡುವುದು? ತಟ್ಟೆಯ ಅನ್ನವನ್ನು ಅರ್ಧ ಮಾಡಿ, ಆ ಜಾಗಕ್ಕೆ ಮೊಳಕೆ ಕಾಳಿನ ಪಲ್ಯ ಬಡಿಸಿಕೊಳ್ಳಿ. ಜೋಳದ ರೊಟ್ಟಿಗಾಗಿ ಊರಿಗೇ ಹೋಗಬೇಕಿಲ್ಲ, ಇಲ್ಲಿಯ ಭಾಕ್ರಿ ಅದರ ತಂಗಿಯೇ. ಆಮೇಲೆ ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದು ಹೊಟ್ಟೆಯ ಸುತ್ತಳತೆ ನೋಡಿಕೊಳ್ಳಿ. ಹುಡುಗರಲ್ಲಿ 90, ಹುಡುಗಿಯರಲ್ಲಿ 80 ಸೆಂಟಿಮೀಟರ್ ದಾಟಿದ್ದರೆ, ಅಥವಾ ತಂದೆ ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ರಕ್ತ ಪರೀಕ್ಷೆ ಮಾಡಿಸಿ. ಬರಿಹೊಟ್ಟೆಯ ಸಕ್ಕರೆ 100ರಿಂದ 125ರೊಳಗಿದ್ದರೆ ನೀವಿನ್ನೂ ಹೊಸ್ತಿಲಲ್ಲಿದ್ದೀರಿ; ಊಟ ತಿದ್ದಿ, ದಿನವೂ ನಡೆದು ಅಲ್ಲಿಂದ ಹಿಂದಿರುಗಿದವರು ಬೇಕಾದಷ್ಟಿದ್ದಾರೆ. 126 ಅಥವಾ ಮೇಲಿದ್ದರೆ ತಡಮಾಡದೆ ವೈದ್ಯರನ್ನು ಕಾಣಿ.