ಕೃಷ್ಣನ್ ಹೆಸರು ಎಲ್ಲಿ ಹೋಯಿತು?

ಪ್ರತಿ ಫೆಬ್ರುವರಿ 28ರಂದು, ವಿಜ್ಞಾನ ದಿನದ ಭಾಷಣಗಳಲ್ಲಿ, ಚದುರಿದ ಬೆಳಕಿನ ಬಣ್ಣ ಬದಲಾಗುವ ‘ರಾಮನ್ ಪರಿಣಾಮ’ದ ಮಾತು ಬಂದೇ ಬರುತ್ತದೆ. ರಷ್ಯಾದ ಪುಸ್ತಕಗಳಲ್ಲಿ ಇದೇ ವಿದ್ಯಮಾನಕ್ಕೆ ಯಾರ ಹೆಸರನ್ನೂ ಅಂಟಿಸಿಲ್ಲ. ‘ಸಂಯೋಜಿತ ಚದುರಿಕೆ’ ಎಂಬರ್ಥದ ಪದವಿದೆ, ಅಷ್ಟೆ. ಮಾಸ್ಕೋದ ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಸ್ಟಾಮ್ 1928ರ ಫೆಬ್ರುವರಿ 21ರಂದೇ ಕ್ವಾರ್ಟ್ಸ್ ಹರಳಿನಲ್ಲಿ ಇದನ್ನು ಕಂಡಿದ್ದರು, ಅಂದರೆ ನಮ್ಮ ವಿಜ್ಞಾನ ದಿನಕ್ಕಿಂತ ಒಂದು ವಾರ ಮೊದಲು ಎನ್ನುವುದು ಆ ಕಡೆಯವರ ವಾದ. ಆದರೆ ರಾಮನ್ ಕೆಲಸ ಮಾಡುತ್ತಿದ್ದ ಕಲ್ಕತ್ತೆಯಿಂದ ‘ನೇಚರ್’ ಪತ್ರಿಕೆಗೆ ಹೋದ ಮೊದಲ ಟಿಪ್ಪಣಿಯ ಮೇಲಿರುವ ತಾರೀಖು ಫೆಬ್ರುವರಿ 16. ಮಾರ್ಚ್ 16ಕ್ಕೆ ರಾಮನ್ ಬೆಂಗಳೂರಿನಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟರು. ಮಾರ್ಚ್ 31ಕ್ಕೆ ಟಿಪ್ಪಣಿ ಅಚ್ಚಾಯಿತು. ಮಾಸ್ಕೋದವರ ಲೇಖನ ಹೊರಬಂದದ್ದು ಜುಲೈನಲ್ಲಿ. ಕಂಡದ್ದನ್ನು ಇಂಥದ್ದೇ ಎಂದು ಗುರುತಿಸಿ ಲೋಕದ ಪರೀಕ್ಷೆಗೆ ಒಡ್ಡಿದಾಗಲೇ ಅದು ಶೋಧ. ಹಾಗಾಗಿ ಕಲ್ಕತ್ತೆಯ ಹಕ್ಕು ಗಟ್ಟಿ.

ತೊಡಕು ಇರುವುದು ಇಲ್ಲಿಯೇ. ಅದೇ ಅಳತೆಗೋಲು ಹಿಡಿದರೆ ಆ ಟಿಪ್ಪಣಿಯ ಕೆಳಗೆ ಇರುವುದು ಎರಡು ಹೆಸರು: ಸಿ.ವಿ. ರಾಮನ್, ಅವರ ಶಿಷ್ಯ ಕೆ.ಎಸ್. ಕೃಷ್ಣನ್. ಅದರಲ್ಲಿನ ಪ್ರಯೋಗ ಎಷ್ಟು ಸರಳವೆಂದರೆ ಇಂದಿಗೂ ಬೆರಗಾಗುತ್ತದೆ. ಸೂರ್ಯನ ಬೆಳಕಿನ ದಾರಿಗೆ ನೀಲಿ-ನೇರಳೆ ಗಾಜು, ಹಳದಿ-ಹಸಿರು ಗಾಜು ಎರಡನ್ನೂ ಒಟ್ಟಿಗೆ ಅಡ್ಡ ಹಿಡಿದರೆ ದ್ರವದೊಳಗಿನ ಬೆಳಕಿನ ಜಾಡು ಪೂರ್ತಿ ಅಳಿಸಿಹೋಗುತ್ತದೆ. ಎರಡನೆಯ ಗಾಜನ್ನು ಅಲ್ಲಿಂದ ತೆಗೆದು ನೋಡುವವರ ಕಣ್ಣಿನ ಮುಂದೆ ಇಡಿ: ಜಾಡು ಮಂಕಾಗಿ ಮತ್ತೆ ಮೂಡುತ್ತದೆ. ದ್ರವವೇ ಬೆಳಕಿನ ಬಣ್ಣ ಬದಲಿಸಿದೆ! ಹೀಗೆ ಸುಮಾರು 60 ದ್ರವಗಳನ್ನು ಪರೀಕ್ಷಿಸಲಾಗಿತ್ತು.

ದಾರಿ ತೋರಿದವರು ರಾಮನ್, ಸಮುದ್ರದ ನೀಲಿಯ ಬೆನ್ನುಹತ್ತಿ 1921ರಿಂದ ಈ ಸಂಶೋಧನೆ ನಡೆಸಿದವರು ಅವರು, 1930ರ ನೊಬೆಲ್ ಬಂದದ್ದೂ ಅವರೊಬ್ಬರಿಗೇ ಎನ್ನಬಹುದು. ನಿಜ, ರಾಮನ್ ಹೆಸರು ಮೊದಲಿರಬೇಕು ಎನ್ನಲು ಇಷ್ಟು ಸಾಕು. ಒಂದೇ ಇರಬೇಕು ಎನ್ನಲು ಸಾಲದು. ಗುರುವಿಗೇ ಹೆಸರು ಎಂಬುದು ನಿಯಮವೂ ಅಲ್ಲ. 1934ರಲ್ಲಿ ಪ್ರಕಟವಾದ, ವಿಕಿರಣ ಹಾಯುವ ದ್ರವಗಳಲ್ಲಿ ಕಾಣುವ ನೀಲಿ ಹೊಳಪಿನ ಶೋಧವನ್ನು ರಷ್ಯನ್ನರು ಮಾರ್ಗದರ್ಶಕ ವವಿಲೋವ್ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಉಳಿದ ಜಗತ್ತಿಗೆ ಅದು ಶಿಷ್ಯ ಚೆರೆಂಕೋವ್‌ನದು ಮಾತ್ರ. ಅಲ್ಲಿ ಗುರು ಬಿಟ್ಟುಹೋದ, ಇಲ್ಲಿ ಶಿಷ್ಯ. ಇನ್ನು, ಜೋಡಿ ಹೆಸರು ನಾಲಿಗೆಗೆ ಭಾರ ಎಂಬ ತಕರಾರು. ‘ಬೋಸ್-ಐನ್‌ಸ್ಟೈನ್’ ಎನ್ನಲು ನಮ್ಮ ವಿದ್ಯಾರ್ಥಿಗಳು ಎಂದೂ ತಡವರಿಸಿಲ್ಲ. ಪ್ರಪಂಚದ ರೂಢಿ ತಿದ್ದುವುದು ನಮ್ಮ ಕೈಲಿಲ್ಲದಿರಬಹುದು. ಕನ್ನಡದ ಪಠ್ಯದಲ್ಲಿ ‘ರಾಮನ್-ಕೃಷ್ಣನ್ ಪರಿಣಾಮ’ ಎಂದು ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ.