ಮಾತು ಕಲಿಯಲು ಕೇಳುಗರ ಬೆಂಚು

ಗುಂಪು ಪ್ರೆಸೆಂಟೇಶನ್ ಇರುವ ದಿನ ಕೊನೆಯ ಬೆಂಚಿನಲ್ಲಿ ಕೂತು ತರಗತಿಯನ್ನು ನೋಡಬೇಕು. ಮುಂದೆ ನಿಂತ ತಂಡದ ಮಾತನ್ನು ಕೇಳುತ್ತಿರುವವರು ಬಹಳ ಕಡಿಮೆ. ಮುಂದಿನ ಸರದಿಯವರು ಮೊಬೈಲಿನಲ್ಲಿ ತಮ್ಮ ಸ್ಲೈಡು ತೆರೆದು ತುಟಿಯಲ್ಲೇ ಬಾಯಿಪಾಠ ಒಪ್ಪಿಸುತ್ತಿರುತ್ತಾರೆ. ಮುಗಿಸಿ ಬಂದವರು ನೀರು ಕುಡಿದು, ಈ ಸೆಮಿಸ್ಟರಿನ ಪೀಡೆ ಕಳೆಯಿತು ಎಂದು ಬೆಂಚಿಗೊರಗಿರುತ್ತಾರೆ. ದಕ್ಷಿಣ ಕನ್ನಡದ ಒಂದು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಪಾಠ ಹೇಳುವ ನನಗೆ ಹೀಗೆ ಪೋಲಾಗುವ ಗಂಟೆಗಳನ್ನು ಕಂಡರೆ ಸಂಕಟವಾಗುತ್ತದೆ. ನಾಲ್ಕು ಜನರ ಮುಂದೆ ಮಾತಾಡುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶ ಆ ವಯಸ್ಸಿನವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಒಬ್ಬರೇ ಮಾಡುವ ಭಾಷಣದಲ್ಲಿ ಇಲ್ಲದ ಒಂದು ಅನುಕೂಲ ಗುಂಪಿನ ಪ್ರೆಸೆಂಟೇಶನ್ನಿನಲ್ಲಿದೆ. ವಿಷಯ ಅದೇ, ಪ್ರೊಜೆಕ್ಟರ್ ಅದೇ, ಕೇಳುವವರೂ ಅವರೇ. ಹತ್ತು ನಿಮಿಷದೊಳಗೆ ಬದಲಾಗುವುದು ಮಾತಾಡುವವರು ಮಾತ್ರ. ಹಾಗಾಗಿ ಒಬ್ಬರ ಮಾತು ಮನಸ್ಸಿಗೆ ಇಳಿದು ಇನ್ನೊಬ್ಬರದು ಇಳಿಯದೆ ಹೋದರೆ ಕಾರಣ ಹುಡುಕುವುದು ಸುಲಭ.

ನಮ್ಮ ತರಗತಿಯಲ್ಲಿ ಯುಪಿಐ ಬಗ್ಗೆ ಒಂದು ತಂಡ ಮಾತಾಡಿತ್ತು. ಮೊದಲು ಬಂದ ಹುಡುಗಿ ಪರದೆಗೆ ಮುಖ ಮಾಡಿ, 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ 2023ರ ಆಗಸ್ಟ್ ತಿಂಗಳೊಂದರಲ್ಲೇ ವಹಿವಾಟುಗಳ ಸಂಖ್ಯೆ ಸಾವಿರ ಕೋಟಿ ದಾಟಿತು ಎಂದು ಓದಿದಳು. ತರಗತಿ ಅಲುಗಾಡಲಿಲ್ಲ. ಅವಳ ನಂತರ ಬಂದ ಹುಡುಗ ಅದೇ ಅಂಕಿಯನ್ನು ಎತ್ತಿಕೊಂಡ. ದೇಶದಲ್ಲಿ ಸುಮಾರು 140 ಕೋಟಿ ಜನ. ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರಿಗೂ ಹಂಚಿದರೆ ತಿಂಗಳಿಗೆ ತಲೆಗೆ ಏಳು ಸಲ ಆಯಿತು ಎಂದ. ಆಮೇಲೆ ಕಾಲೇಜು ಗೇಟಿನ ಎದುರಿನ ಚರುಮುರಿ ಅಣ್ಣನ ವಿಷಯಕ್ಕೆ ಬಂದ. ಹಣ ಬಂತೆಂದು ಪೆಟ್ಟಿಗೆ ಕೂಗುವ ತನಕ ಅಣ್ಣ ಪೊಟ್ಟಣವನ್ನು ಕೈಗೆ ಕೊಡುವುದಿಲ್ಲ ಎಂದಾಗ ಮೊಬೈಲಿನಲ್ಲಿ ಮುಳುಗಿದ್ದ ತಲೆಗಳು ಮೇಲೆದ್ದವು. ಅಂಕಿಯನ್ನು ಕೇಳುಗರ ಅನುಭವಕ್ಕೆ ಜೋಡಿಸಬೇಕು ಎಂದು ನಾನು ಎಷ್ಟು ಸಲ ಹೇಳಿದ್ದರೂ ಅಷ್ಟು ಚೆನ್ನಾಗಿ ನಾಟುತ್ತಿರಲಿಲ್ಲ. ತಲೆ ಮೇಲೆತ್ತಿದವರಿಗೆ ತಾವು ಯಾವ ಮಾತಿಗೆ ತಲೆಯೆತ್ತಿದೆವು ಎಂಬುದು ಗೊತ್ತಿರುತ್ತದೆ. ಕಲಿಯಬೇಕಾದದ್ದು ಅಲ್ಲೇ ಇದೆ.

ಮಾತಾಡದೆ ನಿಂತಿರುವವರನ್ನೂ ಗಮನಿಸಬೇಕು. ತಮ್ಮ ಗೆಳತಿ ಮಾತಾಡುವಾಗ ಉಳಿದ ಮೂವರು ಅವಳನ್ನೇ ನೋಡುತ್ತಿದ್ದರೆ ಕೇಳುಗರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಅವರು ದುಪಟ್ಟಾದ ಅಂಚು ಸುತ್ತುತ್ತಾ ಕಿಟಕಿ ನೋಡಿದರೆ ಅವಳ ಮಾತು ಅರ್ಧ ಸೋತಂತೆ. ಇನ್ನೊಂದು, ಭಾಷೆ. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯಗಳನ್ನು ಉಸಿರುಗಟ್ಟಿ ಒಪ್ಪಿಸಿದವರೇ, ಪ್ರಶ್ನೆ ಬಂದಾಗ ಕನ್ನಡಕ್ಕೆ ಹೊರಳಿ ಕೈಯಾಡಿಸುತ್ತಾ ಸೊಗಸಾಗಿ ವಿವರಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ವಿಷಯ ತಿಳಿದಿದೆಯೋ ಇಲ್ಲವೋ ಎಂಬುದು ಆ ಹೊತ್ತಿನಲ್ಲಿ ತಿಳಿಯುತ್ತದೆ. ಕನ್ನಡದಲ್ಲಿ ಮಾತಾಡಿದರೆ ಮಾರ್ಕು ಕಡಿಮೆ ಎಂಬ ಭಯವನ್ನು ಕಾಲೇಜುಗಳು ಮೊದಲು ತೆಗೆಯಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಅಂಜಿಕೆ. ಮಾತು ಮುಗಿಸಿ ಬಂದವಳು ಪಕ್ಕದವಳನ್ನು ಕೇಳುತ್ತಾಳೆ: "ನನ್ನ ಕೈ ನಡುಗಿದ್ದು ಕಂಡಿತಾ?" "ಇಲ್ಲ ಮಾರಾಯ್ತಿ, ಎಂತದೂ ಗೊತ್ತಾಗ್ಲಿಲ್ಲ." ಇದು ಬರಿಯ ಸಮಾಧಾನದ ಮಾತಲ್ಲ. ಕೆನೆತ್ ಸವಿಟ್‌ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣ ಮಾಡಿದವರು ತಮ್ಮ ಅಳುಕು ಕೇಳುಗರಿಗೆ ಎಷ್ಟು ಕಂಡಿತೆಂದು ಭಾವಿಸಿದ್ದರೋ ಅಷ್ಟು ಕಂಡಿರಲಿಲ್ಲ. ಒಳಗಿನ ಅಳುಕು ಹೊರಗೆ ಹಾಗೆ ಕಾಣಿಸುವುದಿಲ್ಲ ಎಂದು ಮೊದಲೇ ತಿಳಿಸಲಾಗಿದ್ದವರ ಭಾಷಣ ಇನ್ನೂ ಚೆನ್ನಾಗಿ ಬಂತು. ಎದೆ ಡವಗುಟ್ಟುತ್ತಿರುವವರಿಗೆ ಇದನ್ನು ಬಾಯಿಮಾತಿನಲ್ಲಿ ಹೇಳಿ ನಂಬಿಸುವುದು ಕಷ್ಟ. ಕೇಳುಗರ ಬೆಂಚಿನಲ್ಲಿ ಕೂತು, ಬೆವತು ಹೋದೆ ಎನ್ನುವ ಗೆಳತಿಯ ಮುಖದಲ್ಲಿ ಬೆವರೇ ಕಾಣದ್ದನ್ನು ಸ್ವತಃ ನೋಡಿದವರು ನಂಬುತ್ತಾರೆ.

ಒಳ್ಳೆಯ ಭಾಷಣಕಾರರ ವಿಡಿಯೊ ನೋಡಿದರೆ ಸಾಲದೇ ಎಂದು ಮಕ್ಕಳು ಕೇಳುವುದುಂಟು. ನೋಡಲಿ, ಆದರೆ ಅಂಥವರ ಮಾತು ಕೇಳಿ ಎಷ್ಟೋ ಮಕ್ಕಳು, ಇದು ನನ್ನಿಂದಾಗದ್ದು ಎಂದು ಹಿಂಜರಿಯುತ್ತಾರೆ. 1985ರಲ್ಲಿ ಡೇಲ್ ಶಂಕ್ ಮತ್ತು ಆಂಟೊನೆಟ್ ಹ್ಯಾನ್ಸನ್ ಎಂಬ ಸಂಶೋಧಕರು, ದಶಕ ಎರವಲು ಪಡೆದು ಕಳೆಯುವ ಲೆಕ್ಕದಲ್ಲಿ ಎಡವುತ್ತಿದ್ದ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ತಮ್ಮ ವಯಸ್ಸಿನವರು ಲೆಕ್ಕ ಬಿಡಿಸುವುದನ್ನು ನೋಡಿದ ಮಕ್ಕಳ ಆತ್ಮವಿಶ್ವಾಸವೂ ಕಲಿಕೆಯೂ, ಶಿಕ್ಷಕರು ಬಿಡಿಸುವುದನ್ನು ನೋಡಿದವರಿಗಿಂತ ಹೆಚ್ಚಾಗಿದ್ದವು. ಲೆಕ್ಕದ ಮಾತು ಭಾಷಣಕ್ಕೂ ಹೊಂದುತ್ತದೆ ಎಂಬುದು ನನ್ನ ಅನುಭವ. ನಿನ್ನೆ ಕ್ಯಾಂಟೀನಿನಲ್ಲಿ ಪಕ್ಕದಲ್ಲಿ ಕೂತಿದ್ದವಳು ಇಂದು ತಡವರಿಸಿ, ಸುಧಾರಿಸಿಕೊಂಡು, ಮುಂದುವರಿದರೆ ಅದನ್ನು ನೋಡಿದವರಿಗೆ ಧೈರ್ಯ ಬರುತ್ತದೆ.

ಹೀಗೆ ಕೇಳಿ ಮಾತು ಕಲಿಯುವುದು ನಮ್ಮ ಕರಾವಳಿಗೆ ಹೊಸತಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಕೂತಲ್ಲೇ ಅರ್ಥ ಹೇಳಬೇಕು. 'ವಾಲಿವಧೆ' ಪ್ರಸಂಗದಲ್ಲಿ ವಾಲಿ ಎಸೆದ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳದ ರಾಮ ಉತ್ತರ ಹೇಳಲಾರ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯರ ಅರ್ಥಗಾರಿಕೆಯನ್ನು ಕೇಳಿ ಕೇಳಿಯೇ ಮಾತು ಕಲಿತವರು ಇಲ್ಲಿ ಊರೂರಿನಲ್ಲಿದ್ದಾರೆ.

ಕೇಳುವುದಕ್ಕೂ ಒಂದು ಕ್ರಮ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ 1924ರಲ್ಲಿ ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಈಗ ಬೆಂಗಳೂರಿನಲ್ಲೂ ಬೇಕಾದಷ್ಟಿವೆ. ಅಲ್ಲಿ ಕೇಳುಗರಿಗೂ ಕೆಲಸ ಹಂಚಿರುತ್ತದೆ: ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ಭಾಷೆ ಗಮನಿಸುತ್ತಾರೆ, ಇನ್ನೊಬ್ಬರು 'ಆ', 'ಊ' ಎಂದು ಎಳೆದದ್ದನ್ನು ಎಣಿಸುತ್ತಾರೆ. ಇದನ್ನು ನನ್ನ ತರಗತಿಗೆ ತಂದಿದ್ದೇನೆ. ಒಂದು ಬೆಂಚಿನವರು ಮಾತಾಡುವವರ ಕಣ್ಣು ಎಲ್ಲಿದೆ ಎಂದು ನೋಡಬೇಕು, ಮತ್ತೊಂದು ಬೆಂಚಿನವರು 'ಅಂದ್ರೆ', 'ಸೋ', 'ಬೇಸಿಕಲಿ'ಗಳ ಲೆಕ್ಕ ಇಡಬೇಕು. ಮತ್ತೊಬ್ಬರು, ಒಬ್ಬ ಇನ್ನೊಬ್ಬನಿಗೆ ಮಾತು ಒಪ್ಪಿಸುವ ಕ್ಷಣವನ್ನು ಹಿಡಿಯಬೇಕು. ತಂಡಗಳು ಹೆಚ್ಚಾಗಿ ಎಡವುವುದು ಅಲ್ಲೇ. ಮೊದಲನೆಯವ ಥಟ್ಟನೆ ನಿಲ್ಲಿಸುತ್ತಾನೆ, ಎರಡನೆಯವ ಮುಂದಿನ ಸ್ಲೈಡು ಹುಡುಕುತ್ತಾನೆ, ಅಷ್ಟರಲ್ಲಿ ಸಭೆ ಚದುರಿರುತ್ತದೆ. ಇದನ್ನೆಲ್ಲ ಬರೆಯುವ ಚೀಟಿಯಲ್ಲಿ ಮಾತಾಡಿದವರ ಹೆಸರು ಇರುವಂತಿಲ್ಲ. ಕಂಡದ್ದನ್ನು ಬರೆಯಬೇಕು, 'ಚೆನ್ನಾಗಿತ್ತು', 'ಬೋರಾಯ್ತು' ಎಂಬ ತೀರ್ಪು ಬೇಡ.

ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನೋಡಿ ಕಲಿಯುವುದಕ್ಕೆ ನಾಲ್ಕು ಅಗತ್ಯಗಳನ್ನು ಗುರುತಿಸಿದ್ದರು: ಗಮನ, ನೆನಪು, ಮಾಡಿ ನೋಡುವುದು, ಮಾಡಬೇಕೆಂಬ ಆಸೆ. ಗಮನಿಸಿ ಬರೆದಿಟ್ಟು ಸುಮ್ಮನಾದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಗೆಳೆಯರ ಒಂದು ಸ್ಲೈಡನ್ನು ಎತ್ತಿಕೊಂಡು, ಅದೇ ವಾರ ಎರಡು ನಿಮಿಷ ತಮ್ಮ ಮಾತಿನಲ್ಲಿ ಹೇಳಿ ನೋಡುವಂತೆ ನನ್ನ ಮಕ್ಕಳಿಗೆ ಹೇಳುತ್ತೇನೆ. ಗೆಳೆಯನ ಕೈಸನ್ನೆ, ನಗೆಚಾಟಿಕೆಗಳನ್ನು ನಕಲು ಮಾಡಬೇಕಿಲ್ಲ. ಅವನು ಎಲ್ಲಿ ನಿಲ್ಲಿಸಿದ, ಯಾವ ಉದಾಹರಣೆ ಕೊಟ್ಟ, ಅಷ್ಟು ತೆಗೆದುಕೊಂಡರೆ ಸಾಕು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ವಿನಂತಿ. ಹತ್ತು ತಂಡಗಳನ್ನು ಒಂದೇ ದಿನ ಮುಗಿಸಿ ಕೈತೊಳೆದುಕೊಳ್ಳಬೇಡಿ. ದಿನಕ್ಕೆ ಎರಡೇ ತಂಡ ಇರಲಿ, ಪ್ರತಿ ತಂಡದ ನಂತರ ಐದು ನಿಮಿಷ ಕೇಳುಗರಿಗೆ ಕೊಡಿ. ಪ್ರೆಸೆಂಟೇಶನ್ನಿಗಿಟ್ಟ ಹತ್ತು ಇಂಟರ್ನಲ್ ಮಾರ್ಕುಗಳಲ್ಲಿ ಎರಡನ್ನು ಗಮನವಿಟ್ಟು ಕೇಳಿ ಚೀಟಿ ಬರೆದವರಿಗೆ ಮೀಸಲಿಡಿ. ವಿದ್ಯಾರ್ಥಿಗಳೇ, ನಿಮ್ಮ ಸರದಿಯ ಮುಂಚಿನ ತಂಡ ಎದ್ದು ನಿಂತಾಗ ಮೊಬೈಲನ್ನು ಬ್ಯಾಗಿನೊಳಗಿಟ್ಟು ಅವರನ್ನು ನೋಡಿ.