ಹಿಟ್ಟಿಗೂ ಒಂದು ಮರ್ಯಾದೆ

ಕೃಷ್ಣೆ–ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯಲ್ಲಿ ಮಳೆ ಹಿಡಿದೊಡನೆ ನೆಲದ ರೂಪವೇ ಬದಲಾಗುತ್ತದೆ. ದೇವದುರ್ಗದ ಎರೆಹೊಲಗಳ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯಲ್ಲಿ ಭತ್ತದ ಗದ್ದೆಗಳು ಸಿದ್ಧಗೊಳ್ಳುತ್ತವೆ. ಹಸಿರಿನೊಡನೆ ಅಸಂಖ್ಯ ಜೀವಿಗಳೂ ಹುಟ್ಟುತ್ತವೆ. ಅವು ಕಾಲಡಿಗೆ ಸಿಲುಕಬಾರದೆಂದೇ ಜೈನ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ದಿಗಂಬರರಲ್ಲಿ ಆಷಾಢ ಶುಕ್ಲ ಚತುರ್ದಶಿಯಂದು ತೊಡಗುವ ಈ ವರ್ಷಾಯೋಗ ಮಹಾವೀರ ಸ್ವಾಮಿಯ ನಿರ್ವಾಣದ ದೀಪಾವಳಿ ಅಮಾವಾಸ್ಯೆಯವರೆಗೆ ನಡೆಯುತ್ತದೆ. ಶ್ವೇತಾಂಬರರ ಚಾತುರ್ಮಾಸ ಕಾರ್ತಿಕ ಹುಣ್ಣಿಮೆಗೆ ಮುಗಿಯುತ್ತದೆ.

ಮುನಿಗಳು ನಡಿಗೆಯನ್ನು ನಿಲ್ಲಿಸಿದಾಗ ಶ್ರಾವಕರು ನಿಲ್ಲಿಸಬೇಕಾದುದೇನು? ಉತ್ತರ ಬಹುಪಾಲು ಅಡುಗೆಮನೆಯಲ್ಲಿದೆ.

ದಿಗಂಬರ ಶ್ರಾವಕರ ಆಚಾರದಲ್ಲಿ ಬೀಸಿದ ಹಿಟ್ಟಿಗೆ ಕಾಲದ ಮಿತಿಯುಂಟು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ಈ ಮಿತಿಗೆ ‘ಮರ್ಯಾದೆ’ ಎಂದೇ ಹೆಸರು. ಅದು ಮೀರಿದರೆ ಹಿಟ್ಟು ಸೂಕ್ಷ್ಮಜೀವಿಗಳ ನೆಲೆಯಾಗುತ್ತದೆ, ಅದನ್ನುಣ್ಣುವುದು ಹಿಂಸೆಯಾಗುತ್ತದೆ. ಬಿಳಿಜೋಳದ ನಾಡಿಗೆ ಈ ಮಾತು ಪರಕೀಯವಲ್ಲ. ಹಳೆಯ ಹಿಟ್ಟು ಜಿಗಿ ಕಳೆದುಕೊಂಡು ರೊಟ್ಟಿ ಬಡಿಯುವಾಗಲೇ ಹರಿಯುವುದನ್ನು ಇಲ್ಲಿನ ತಾಯಂದಿರು ಶಾಸ್ತ್ರ ಕೇಳದೆಯೂ ಬಲ್ಲರು.

ಹಾಗಾದರೆ ಆಹಾರವನ್ನು ಕೂಡಿಡುವುದೇ ತಪ್ಪೇ? ಅಲ್ಲ. ತೇವವಿದ್ದಲ್ಲಿ ಜೀವೋತ್ಪತ್ತಿ ಎಂಬುದು ಮೂಲ ವಿಚಾರ. ಆದ್ದರಿಂದ ರಾಯಚೂರಿನ ಉರಿಬಿಸಿಲು ಜೈನ ಗೃಹಿಣಿಗೆ ವರವೇ ಸರಿ. ಬೇಳೆಕಾಳುಗಳನ್ನು ಒಣಗಿಸಿ, ಆರಿಸಿ, ಜರಡಿ ಹಿಡಿಯುವ ಕೆಲಸ ಮಳೆಗೆ ಮುನ್ನವೇ ಮುಗಿಯಬೇಕು. ಹುಳು ಬಿದ್ದ ಮೇಲೆ ಕಾಳನ್ನು ಬಿಸಿಲಿಗೆ ಹರಡುವುದು ಶುಚಿಯಾದರೂ ಅಹಿಂಸೆಯಲ್ಲ. ವರ್ಷಗಟ್ಟಲೆ ಭರಣಿಯಲ್ಲಿರುವ ಉಪ್ಪಿನಕಾಯಿಯಾದರೋ ಅಭಕ್ಷ್ಯಗಳ ಸಾಲಿಗೆ ಸೇರಿದೆ. ಮಾವಿನ ಕಾಲದಲ್ಲಿ ಈ ನಿಯಮವನ್ನು ಪಾಲಿಸುವುದು ಸುಲಭವಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಿತ್ತಿಲಿಗೆ ಚಂದ್ರನ ಲೆಕ್ಕ. ಪ್ರತಿ ಪಕ್ಷದ ಅಷ್ಟಮಿ, ಚತುರ್ದಶಿಗಳಂದು ವ್ರತನಿಷ್ಠರು ಪುಂಡಿಪಲ್ಯೆಯನ್ನು ಚಿವುಟುವುದಿಲ್ಲ, ಹೀರೆಕಾಯಿ ಕೊಯ್ಯುವುದಿಲ್ಲ. ಅಂದು ಒಣಗಿಸಿಟ್ಟ ಬೇಳೆಕಾಳೇ ಅಡುಗೆಗೆ ಆಧಾರ. ಹಲವರು ಚಾತುರ್ಮಾಸವಿಡೀ ಸೊಪ್ಪನ್ನು ತ್ಯಜಿಸುತ್ತಾರೆ. ಉಳ್ಳಾಗಡ್ಡಿ, ಗಜ್ಜರಿ, ಮೂಲಂಗಿಗಳಂತೂ ಅನಂತಕಾಯಗಳೆಂದು ಎಂದಿಗೂ ವರ್ಜ್ಯ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ಉಪವಾಸ, ಏಕಾಶನಗಳಿಂದ ಒಲೆಯ ಕೆಲಸವೇ ತಗ್ಗುತ್ತದೆ.

ನಗರದಲ್ಲಿ ಕೆಲವು ನಿಯಮಗಳಿಗೆ ನೆಲೆ ತಪ್ಪಿದೆ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಜೀವಿಗಳನ್ನು ಅದೇ ಜಲಮೂಲಕ್ಕೆ ಮರಳಿಸಬೇಕೆಂಬುದು ವಿಧಿ. ಬಾವಿಯಿದ್ದಾಗ ಅದು ಸರಳವಾಗಿತ್ತು. ನಲ್ಲಿಯ ನೀರನ್ನು ಎಲ್ಲಿಗೆ ಮರಳಿಸುವುದು? ಸೋಸುವುದಷ್ಟೇ ಉಳಿದು, ಮರಳಿಸುವ ಅರ್ಧ ಕಳೆದುಹೋಗಿದೆ. ಹಿಟ್ಟಿನ ವಿಷಯದಲ್ಲಿ ಮಾತ್ರ ಆ ನೆಪಕ್ಕೆ ಎಡೆಯಿಲ್ಲ. ಪೊಟ್ಟಣದ ಮೇಲೆ ಅಚ್ಚಾದ ದಿನಾಂಕ ತಿಂಗಳುಗಳ ಲೆಕ್ಕ ಹೇಳಿದರೂ, ಮಳೆಗಾಲದ ಮರ್ಯಾದೆ 3 ದಿನವೇ. ಗಿರಣಿಗೆ ಚಿಕ್ಕ ಡಬ್ಬಿಯನ್ನು ಒಯ್ದರೆ ಸಾಕು.